ಇಂಗ್ಲಿಷಿನಲ್ಲಿ ವಾದಿಸಲು ಕಲಿಯುವುದು: ಪುಸ್ತಕ, ಕಾರ್ಡು ಮತ್ತು ಅಭಿನಯ

ಇಂಗ್ಲಿಷಿನ ಷರತ್ತು ವಾಕ್ಯಗಳನ್ನೂ ಭಿನ್ನಾಭಿಪ್ರಾಯಕ್ಕೆ ಸಂಬಂಧಿಸಿದ ಪದಗಳನ್ನೂ ಒಟ್ಟಿಗೆ ರೂಢಿಸಿಕೊಳ್ಳಲು ನಾನು ಮೂರು ದಾರಿಗಳನ್ನು ಹಿಡಿದು ನೋಡಿದ್ದೇನೆ: ಬಿಟ್ಟ ಸ್ಥಳ ತುಂಬುವ ವ್ಯಾಕರಣ ಪುಸ್ತಕ, ಮೊಬೈಲಿನಲ್ಲಿ ಆಂಕಿ ಎಂಬ ಆ್ಯಪಿನ ನೆನಪಿನ ಕಾರ್ಡುಗಳು, ಸಹೋದ್ಯೋಗಿಯೊಬ್ಬರ ಎದುರು ಕುಳಿತು ಆಡುವ ಜಗಳದ ಅಭಿನಯ. ವ್ಯಾಕರಣವನ್ನೂ ಪದಗಳನ್ನೂ ಬೇರ್ಪಡಿಸದಿರಲು ಕಾರಣವಿದೆ. ‘ನೀವು ಮೊದಲೇ ಹೇಳಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ಮಾತು ಬಾರದ ಜಗಳವೇ ಅಪರೂಪ.

ವಾಕ್ಯದ ಅಚ್ಚನ್ನು ತಿದ್ದುವುದರಲ್ಲಿ ಪುಸ್ತಕವೇ ಮುಂದು. ಕನ್ನಡದಲ್ಲಿ ‘ಹಣವಿದ್ದರೆ ಕೊಡುತ್ತೇನೆ’, ‘ಹಣವಿದ್ದರೆ ಕೊಡುತ್ತಿದ್ದೆ’ ಎನ್ನುವಾಗ ಮೊದಲ ಭಾಗ ಹಾಗೆಯೇ ಉಳಿದು ಕೊನೆಯ ಕ್ರಿಯಾಪದವಷ್ಟೇ ಬದಲಾಗಬಹುದು. ಇಂಗ್ಲಿಷಿನಲ್ಲಾದರೋ ‘ಇಫ್ ಐ ಹ್ಯಾವ್’ ಎಂಬುದು ‘ಇಫ್ ಐ ಹ್ಯಾಡ್’ ಆಗಿ, ಷರತ್ತಿನ ಭಾಗವೂ ಕಾಲ ಬದಲಿಸಬೇಕು. ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ’ ಎಂದು ನಾಲಿಗೆಗೆ ಬರುವ ತಪ್ಪನ್ನು ‘ಇಫ್ ಯು ಹ್ಯಾಡ್ ಟೋಲ್ಡ್ ಮಿ’ ಎಂದು ತಿದ್ದಲು ಬರೆದು ಬರೆದು ಅಭ್ಯಾಸ ಮಾಡುವಷ್ಟು ಫಲಕಾರಿಯಾದದ್ದನ್ನು ನಾನು ಕಾಣಲಿಲ್ಲ. ವ್ಯಾಕರಣ ಪುಸ್ತಕಗಳಲ್ಲಿ ‘ಇಫ್ ಐ ಹ್ಯಾವ್’ ಮಾದರಿ ಮೊದಲನೆಯ ಬಗೆ, ‘ಇಫ್ ಐ ಹ್ಯಾಡ್’ ಎರಡನೆಯದು, ಆಗದೇ ಹೋದ ಹಿಂದಿನದನ್ನು ಹೇಳುವ ‘ಇಫ್ ಯು ಹ್ಯಾಡ್ ಟೋಲ್ಡ್ ಮಿ’ ಮೂರನೆಯದು. ಆದರೆ ‘ಮೂರನೆಯ ಬಗೆ’ ಎಂದು ಮೇಲೆಯೇ ಅಚ್ಚಾಗಿರುವಾಗ ಕೆಳಗಿನ ಸಾಲುಗಳನ್ನು ಯೋಚಿಸದೆಯೂ ತುಂಬಬಹುದು. ಎಲ್ಲ ಬಗೆಗಳನ್ನೂ ಬೆರೆಸಿದ ಪರಿಷ್ಕರಣೆಯ ಪುಟಗಳೇ ನಿಜವಾದ ಪರೀಕ್ಷೆ.

ಪದಗಳ ವಿಷಯದಲ್ಲಿ ಕಾರ್ಡುಗಳು ಪುಸ್ತಕವನ್ನು ಸುಲಭವಾಗಿ ಹಿಂದಿಕ್ಕಿದವು. ಗೊತ್ತಿರುವುದನ್ನು ದೂರ ತಳ್ಳಿ ಮರೆಯುವುದನ್ನು ಮತ್ತೆ ಮತ್ತೆ ಮುಂದಿಡುವ ಆಂಕಿ, ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತವಾಗಿ ಸಿಗುತ್ತದೆ. ಒಂಟಿ ಪದಗಳನ್ನು ಹಾಕಿದ ಕಾರ್ಡುಗಳು ನಿರುಪಯುಕ್ತವೆಂದೇ ನನ್ನ ಅಭಿಪ್ರಾಯ. ವ್ಯಕ್ತಿಯೊಡನೆಯಾದರೆ ‘ಡಿಸಗ್ರೀ ವಿತ್’, ಆಕ್ಷೇಪಕ್ಕೆ ‘ಆಬ್ಜೆಕ್ಟ್ ಟು’, ಮುನಿಸಿಕೊಂಡು ದೂರವಾಗಲು ‘ಫಾಲ್ ಔಟ್ ವಿತ್’, ಪಟ್ಟು ಸಡಿಲಿಸಲು ‘ಬ್ಯಾಕ್ ಡೌನ್’ ಎಂಬಂಥವನ್ನು ಇಡೀ ವಾಕ್ಯದೊಳಗೆ ಬರೆದು, ಕೊನೆಯ ಸಣ್ಣ ಪದವನ್ನು ಮರೆಮಾಡಿದಾಗ ಮಾತ್ರ ಅವು ಬಾಯಲ್ಲಿ ನಿಂತವು. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಸೇರಿಸುವ ನಮ್ಮ ಕಚೇರಿಗಳ ಅಭ್ಯಾಸವೂ ಹಾಗೆಯೇ ಬಿಟ್ಟಿತು. ಷರತ್ತು ವಾಕ್ಯಗಳಿಗೆ ಮಾತ್ರ ಕಾರ್ಡುಗಳು ಹೊಂದಲಿಲ್ಲ, ಏಕೆಂದರೆ ವಾಕ್ಯದ ರಚನೆಗಿಂತ ಆ ಕಾರ್ಡೇ ನೆನಪಿನಲ್ಲಿ ಉಳಿಯುತ್ತಿತ್ತು.

ಅಭಿನಯಕ್ಕೆ ನಾವು ಆರಿಸಿಕೊಂಡದ್ದು ಬೆಂಗಳೂರಿನ ಬಾಡಿಗೆದಾರರಿಗೆಲ್ಲ ಪರಿಚಿತವಾದ ಜಗಳ: ಮನೆ ಖಾಲಿ ಮಾಡುವಾಗ ಮಾಲೀಕರು ಪೇಂಟಿಂಗ್ ಹೆಸರಿನಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು. ಹಿಂದಿನದನ್ನು ಕೆದಕುವಾಗ ಮೂರನೆಯ ಬಗೆಯ ವಾಕ್ಯ, ಚೌಕಾಸಿಗೆ ಇಳಿದಾಗ ಎರಡನೆಯದು, ಬೆದರಿಕೆಗೆ ಮೊದಲನೆಯದು ಹೀಗೆ ಒಂದೇ ಸಂಭಾಷಣೆಯಲ್ಲಿ ಮೂರಕ್ಕೂ ಜಾಗ ಸಿಗುತ್ತದೆ. ‘ಇಫ್ ಯು ಡೋಂಟ್ ರಿಟರ್ನ್ ಇಟ್, ಐ ವಿಲ್ ಗೋ ಟು ಎ ಲಾಯರ್’ ಎಂದು ಹೇಳುವಾಗಿನ ಸ್ವರವನ್ನು ಯಾವ ಪುಸ್ತಕವೂ ಕಲಿಸಲಾರದು. ಆದರೂ ಇಲ್ಲಿ ತಪ್ಪಿಸಿಕೊಳ್ಳುವ ಕಿಂಡಿಯೊಂದಿದೆ. ಬಿಸಿ ಏರಿದಾಗ ಉದ್ದದ ಷರತ್ತು ವಾಕ್ಯದ ಬದಲು ‘ಯು ಶುಡ್ ಹ್ಯಾವ್ ಟೋಲ್ಡ್ ಮಿ’ ಎಂದು ಹೇಳಿ ಮುಗಿಸುವುದು ಸುಲಭ, ಮತ್ತು ಅದು ತಪ್ಪೂ ಅಲ್ಲ. ಅದಕ್ಕಾಗಿ ಎದುರಿನವರು ಪ್ರತಿ ಆರೋಪಕ್ಕೂ ‘ಹೇಳಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಇಂಗ್ಲಿಷಿನಲ್ಲಿ ಮರುಪ್ರಶ್ನೆ ಹಾಕಬೇಕೆಂಬ ನಿಯಮ ಮಾಡಿಕೊಂಡೆವು. ಆಗ ‘ಐ ವುಡ್‌ನ್ಟ್ ಹ್ಯಾವ್ ಸೈನ್ಡ್ ದಿ ಅಗ್ರಿಮೆಂಟ್’ ಎಂಬ ಉತ್ತರ ಬಾರದೆ ಬೇರೆ ದಾರಿಯಿರಲಿಲ್ಲ.

ಕಿವಿಗೆ ಸಿಗುವ ಲಾಭವೂ ಅಭಿನಯದ್ದೇ. ಆಡುಮಾತಿನಲ್ಲಿ ‘ಹ್ಯಾಡ್’, ‘ವುಡ್’ ಎರಡೂ ಕುಗ್ಗಿ ‘ಐಡ್’ ಎಂದಷ್ಟೇ ಕೇಳಿಸುವುದರಿಂದ, ಮುಂದಿನ ಕ್ರಿಯಾಪದವನ್ನು ಕೇಳಿಯೇ ಯಾವುದೆಂದು ನಿರ್ಧರಿಸಬೇಕಾಗುತ್ತದೆ. ಕೊರತೆಯೆಂದರೆ, ಇಬ್ಬರೂ ಒಂದೇ ತಪ್ಪು ಮಾಡಿದರೆ ತಿದ್ದುವವರಿಲ್ಲ. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಪುಸ್ತಕದೊಂದಿಗೆ ತಾಳೆ ನೋಡುವುದು ಅನಿವಾರ್ಯ.

ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಅಭಿನಯವನ್ನೇ ಆರಿಸುತ್ತೇನೆ. ಆದರೆ ‘ಇಫ್’ ಜೊತೆಯಲ್ಲೇ ‘ವುಡ್’ ಹಾಕುವ ರೂಢಿ ಇನ್ನೂ ಬಿಡದವರು ಮೊದಲು ಪುಸ್ತಕದ ಬೆರಕೆ ಅಭ್ಯಾಸಗಳನ್ನು ಮುಗಿಸುವುದು ಒಳ್ಳೆಯದು. ಜೊತೆಗಾರರು ಸಿಗದವರು ಬಾಡಿಗೆದಾರ, ಮಾಲೀಕ ಎರಡೂ ಪಾತ್ರಗಳನ್ನು ತಾವೇ ವಹಿಸಿ ರೆಕಾರ್ಡ್ ಮಾಡಿಕೊಳ್ಳಬಹುದು. ಮರುಪ್ರಶ್ನೆಯ ಒತ್ತಡ ಅದರಲ್ಲಿ ಅರ್ಧಕ್ಕಿಂತ ಕಡಿಮೆ.