ಕರದಂಟಿನಲ್ಲಿ ಅಂಟು ಎಲ್ಲಿ?

ಗೋಕಾಕದ್ದಿರಲಿ, ಅಮೀನಗಡದ್ದಿರಲಿ, ಉತ್ತರ ಕರ್ನಾಟಕದ ಸಿಹಿತಿನಿಸು ಕರದಂಟಿನ ಡಬ್ಬಿ ತೆರೆದ ಕೂಡಲೇ ಹೆಚ್ಚಿನವರು ಹುಡುಕುವುದು ಗೋಡಂಬಿ, ಬಾದಾಮಿಯನ್ನು. ಹೆಸರು ಹೇಳುತ್ತಿರುವುದು ಬೇರೆಯದನ್ನು. ಕರಿದ ಅಂಟು ಕೂಡಿ ಕರಿದಂಟು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಕರಿದ’ ಎಂಬುದು ‘ಕರದ’ ಆಗುತ್ತದೆ, ಹಾಗಾಗಿ ಕರದಂಟು, ಕರದಂಟ. ಇಲ್ಲಿ ಖಾರದ ಮಾತಿಲ್ಲ. ಅಂಟು ಎಂದರೆ ಬೆಲ್ಲದ ಜಿಗುಟೂ ಅಲ್ಲ, ಮರದಿಂದ ಒಸರಿ ಗಟ್ಟಿಯಾದ, ತಿನ್ನುವ ಗೋಂದು. ಬಾಣಂತಿಯರಿಗೆ ಕಟ್ಟುವ ಅಂಟಿನುಂಡೆಯಲ್ಲಿ ಇರುವುದೂ ಇದೇ. ಅಂಟಿಲ್ಲದ ತುಂಡಿಗೆ ಎಷ್ಟು ಗೋಡಂಬಿ ಸುರಿದರೂ ಅದು ಚಿಕ್ಕಿ. ಅದರ ಮೇಲೆ ಕರದಂಟು ಎಂದು ಅಚ್ಚು ಹಾಕಿ ಮಾರುವುದು ಸರಿಯಲ್ಲ.

ಪರೀಕ್ಷೆ ಸುಲಭ. ಒಂದು ತುಂಡು ಮುರಿದು ನೋಡಿ. ಸರಿಯಾಗಿ ಕರಿದ ಅಂಟು ಅರಳಿನಂತೆ ಉಬ್ಬಿ, ಬೆಳ್ಳಗೆ, ಒಳಗೆಲ್ಲ ಸಣ್ಣ ಸಣ್ಣ ತೂತುಗಳಿಂದ ಕೂಡಿರುತ್ತದೆ. ಹಲ್ಲಿಗೆ ಸಿಕ್ಕರೆ ಗರಿಗರಿ ಎಂದು ಪುಡಿಯಾಗುತ್ತದೆ. ನಡುವೆ ಗಾಜಿನಂತೆ ಹೊಳೆಯುವ ಗಟ್ಟಿ ಹರಳು ಕಂಡರೆ ಅದು ಅರ್ಧ ಬೆಂದ ಅಂಟು. ತುಪ್ಪ ವಿಪರೀತ ಕಾದಿದ್ದರೆ ಹೊರಗೆ ಬೇಗ ಉಬ್ಬಿ, ಒಳಗೆ ಹಸಿ ಉಳಿದು, ದವಡೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕಾಯದ ತುಪ್ಪಕ್ಕೆ ಹಾಕಿದರೂ ಅರಳುವುದಿಲ್ಲ. ದೊಡ್ಡ ಗಡ್ಡೆಗಳನ್ನು ಕಡಲೆಕಾಳಿನಷ್ಟಕ್ಕೆ ಒಡೆದು, ಬಿಸಿಲಲ್ಲಿ ಒಣಗಿಸಿ, ಮಧ್ಯಮ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಬೇಕು. ಒಮ್ಮೆಗೇ ಬಾಣಲೆ ತುಂಬಿಸಿದರೆ ತುಪ್ಪದ ಕಾವು ಇಳಿದು ಎಲ್ಲವೂ ಕೆಡುತ್ತದೆ. ಅವಸರದ ತಯಾರಿಕೆ ಸಿಕ್ಕಿಬೀಳುವುದು ಬಹುಪಾಲು ಈ ಹಂತದಲ್ಲೇ.

ಆಮೇಲೆ ಬೆಲ್ಲದ ಪಾಕ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಬೆರಳಲ್ಲಿ ಉಂಡೆಯಾಗಿ ನಿಲ್ಲಬೇಕು. ಎಳೆಪಾಕವಾದರೆ ತುಂಡು ಬಿಡಿಬಿಡಿಯಾಗುತ್ತದೆ, ನೀರಿನಂಶ ಉಳಿದು ಬೂಸ್ಟು ಬರುವ ಭಯವೂ ಇದೆ. ಪಾಕ ಏರಿತೋ, ಕಲ್ಲು. ಒಳ್ಳೆಯ ಕರದಂಟನ್ನು ಕೈಯಲ್ಲೇ ಮುರಿಯಬಹುದು, ಅಗಿದರೆ ತುಸು ಎಳೆಯುತ್ತದೆ.

ಕೊಬ್ಬರಿ ಪೂರ್ತಿ ಒಣಗಿದ್ದಿರಬೇಕು. ಕಮಟು ವಾಸನೆ ಬಂದರೆ ಮೊದಲ ಅನುಮಾನ ಕೊಬ್ಬರಿಯ ಮೇಲೆ, ನಂತರ ಗೋಡಂಬಿಯ ಮೇಲೆ. ಉತ್ತತ್ತಿ, ಗಸಗಸೆ, ಏಲಕ್ಕಿ, ಜಾಜಿಕಾಯಿ ಹಿತಮಿತವಾಗಿದ್ದರೆ ಸಾಕು. ಜಾಜಿಕಾಯಿ ಮಾತ್ರ ಒಂದು ಚಿಟಿಕೆ ಹೆಚ್ಚಾದರೂ ಕಹಿ.

ಕೊಳ್ಳುವ ಮುನ್ನ ಲೇಬಲ್ ಓದಿ. ಪ್ಯಾಕ್ ಮಾಡಿದ ತಿನಿಸಿನ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ‘ಎಡಿಬಲ್ ಗಮ್’ ಅಥವಾ ‘ಗೋಂದ್’ ಎಂಬುದು ಪಟ್ಟಿಯ ತುದಿಯಲ್ಲಿ ಏಲಕ್ಕಿಯ ಪಕ್ಕ ಕೂತಿದ್ದರೆ, ಅಂಟು ಬರೀ ನೆಪಕ್ಕಿದೆ ಎಂದೇ ತಿಳಿಯಿರಿ. ಲಿಕ್ವಿಡ್ ಗ್ಲೂಕೋಸ್, ಅಂದರೆ ಪಿಷ್ಟದಿಂದ ಮಾಡಿದ ಸಿಹಿ ಪಾಕ, ಪಟ್ಟಿಯ ಮೇಲುಗಡೆ ಇದ್ದರೆ ಆ ಡಬ್ಬಿ ಬಿಟ್ಟುಬಿಡಿ. ಖರ್ಜೂರ, ಅಂಜೂರ ರುಬ್ಬಿ ಮಾಡಿದ ‘ಸಕ್ಕರೆ ರಹಿತ’ ಬಗೆ ರುಚಿಯಾಗಿಯೇ ಇರುತ್ತದೆ. ಆದರೆ ಹಣ್ಣಿನ ಸಿಹಿ ಇದ್ದೇ ಇದೆ, ಸಕ್ಕರೆ ಕಾಯಿಲೆಯವರು ಮನಸೋ ಇಚ್ಛೆ ತಿನ್ನುವಂತಿಲ್ಲ.

ತೆರೆದ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಡಿ. ಹೊರತೆಗೆದಾಗ ಕೂರುವ ಹನಿಯನ್ನು ಅಂಟು ಹೀರಿಕೊಂಡು ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿ, ಒಣ ಚಮಚ, ಒಲೆಯಿಂದ ದೂರದ ಕಪಾಟು ಸಾಕು.