ಬಿಲ್ಲಿನ ಒಂದು ಅಂಕಿ ಬದಲಿಸಿದರೆ ಎದುರಂಗಡಿಯ ಲೆಕ್ಕ ತೆರೆಯುತ್ತದೆ, ಎಚ್ಚರ!

ಹದಿನಾಲ್ಕು ತಿಂಗಳಿಂದ ನಾನು ಮೋಸ ಹೋಗುತ್ತಿದ್ದೆ. ನೀವಾದರೂ ಹೋಗಬೇಡಿ.

ಹುಬ್ಬಳ್ಳಿಯಲ್ಲಿ ನನ್ನದು ಸೀರೆಗಳ ಸಗಟು ಅಂಗಡಿ. ಬಿಲ್, ಸ್ಟಾಕ್, ಉದ್ರಿ ಎಲ್ಲವನ್ನೂ ಆನ್‌ಲೈನ್‌ನಲ್ಲೇ ಇಡುವ ತಂತ್ರಾಂಶವೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ತಂತ್ರಾಂಶ ಒಂದೇ, ಅಂಗಡಿಗಳು ನೂರಾರು, ಅವರವರಿಗೆ ಅವರವರ ಲಾಗಿನ್. ನನ್ನ ಲೆಕ್ಕ ಬೇರೆಯವರಿಗೆ ಕಾಣುವುದಿಲ್ಲ ತಾನೇ ಎಂದು ಮಾರಲು ಬಂದವನನ್ನು ಮೊದಲೇ ಕೇಳಿದ್ದೆ. "ಬ್ಯಾಂಕ್ ಲಾಕರ್ ಇದ್ದ ಹಾಗೆ ಸರ್" ಎಂದಿದ್ದ. ಲಾಕರ್!

ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಒಂದು ತಿಂಗಳ ಚಂದಾ ಮಾಫಿ ಆಗುವ ಆಸೆಗೆ ಎದುರಂಗಡಿಯವರಿಗೆ ಇದನ್ನು ಹಚ್ಚಿದವನೂ ನಾನೇ.

ದಸರೆಗೆ ಮುಂಚೆ ಆ ಯಜಮಾನರು ಚಹಾ ಕುಡಿಯುತ್ತ, "ಗದಗಿನವರಿಗೆ 612, ಹಾವೇರಿಯವರಿಗೆ 655, ಯಾಕೆ?" ಎಂದು ನಕ್ಕರು. ಎರಡೂ ನನ್ನ ದರಗಳೇ. ಗುಮಾಸ್ತನೇ ಬಾಯಿಬಿಟ್ಟಿರಬೇಕೆಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಯಜಮಾನರ ಮಗ ತನ್ನದೇ ಲಾಗಿನ್‌ನಲ್ಲಿ ಒಂದು ಬಿಲ್ ತೆರೆದು ತೋರಿಸಿದ. ಆ ಪುಟದ ವೆಬ್ ವಿಳಾಸದ ತುದಿಯಲ್ಲಿ 20417 ಎಂದಿತ್ತು. ಏಳನ್ನು ಅಳಿಸಿ ಎಂಟು ಒತ್ತಿದ. ನನ್ನ ಅಂಗಡಿಯ ಹೆಸರು, ನನ್ನ ಜಿಎಸ್‌ಟಿ ಸಂಖ್ಯೆ, ಗದಗಿನ ಗಿರಾಕಿಯ ಮೊಬೈಲ್ ಸಂಖ್ಯೆ, ಅವರ ಬಾಕಿ, ಎಲ್ಲವೂ ಪರದೆಯ ಮೇಲೆ. ಒಂದೇ ಒಂದು ಅಂಕಿ!

ತಂಗಿಯ ಮಗಳು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲೇ ಇದ್ದಾಳೆ. ಅವಳು ಬಿಡಿಸಿ ಹೇಳಿದಳು: ಎಲ್ಲ ಅಂಗಡಿಗಳ ಗಂಟುಗಳೂ ಒಂದೇ ಗೋದಾಮಿನಲ್ಲಿವೆ, ಗಂಟಿನ ಮೇಲೆ ಹೆಸರಿನ ಚೀಟಿಯೂ ಇದೆ, ಚೀಟಿ ನೋಡಿ ಕೊಡುವವನು ಮಾತ್ರ ಇಲ್ಲ. ಒಳಗೆ ಬಂದವನು ಯಾರೆಂದು ಲಾಗಿನ್ ಕೇಳುತ್ತದೆ. ಕೇಳಿದ ಬಿಲ್ ಅವನದೇ ಹೌದೋ ಎಂದು ಯಾರೂ ಕೇಳುವುದಿಲ್ಲ. ವೆಬ್ ತಂತ್ರಾಂಶಗಳ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಅಪಾಯಗಳ ಪಟ್ಟಿಯಲ್ಲಿ ಇಂಥ ದೋಷಗಳಿಗೇ ಮೊದಲ ಸ್ಥಾನವಂತೆ.

ಇನ್ನು ನನ್ನ ದೂರಿಗೆ ತಂತ್ರಾಂಶದ ಕಂಪನಿಯವರು ಕೊಟ್ಟ ಉತ್ತರಗಳು. ಮೊದಲು, "ಬ್ರೌಸರ್‌ನ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಅಳಿಸಿ." ಆಮೇಲೆ, "ಪಾಸ್‌ವರ್ಡ್ ಬದಲಿಸಿ." ಬದಲಿಸಿದೆ. ಎದುರಿನ ಹುಡುಗ ನನ್ನ ಪಾಸ್‌ವರ್ಡ್ ಬಳಸಿಯೇ ಇರಲಿಲ್ಲವಲ್ಲ! ಮೂರನೆಯದನ್ನು ಓದಿ ಮೈ ಉರಿಯಿತು: "ವಿಳಾಸದ ಅಂಕಿ ಬದಲಿಸುವುದು ಬಳಕೆದಾರರ ತಪ್ಪು." ತಪ್ಪು ನಮ್ಮದಂತೆ! ಇಂಥದ್ದನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶನ ಕೊಟ್ಟಿದೆ, ಮಾಡಿದಿರಾ ಎಂದು ಬರೆದೆ. "ಸಂಬಂಧಪಟ್ಟ ತಂಡಕ್ಕೆ ತಿಳಿಸಿದ್ದೇವೆ" ಎಂದು ಸುಮ್ಮನಾದರು.

ಒಂಬತ್ತು ದಿನಗಳ ನಂತರ "ಸರಿಪಡಿಸಿದ್ದೇವೆ" ಎಂದರು. ಅಂಕಿಯ ಜಾಗದಲ್ಲಿ ಈಗ ಉದ್ದನೆಯ ಅಕ್ಷರಮಾಲೆ. ಎದುರಿನ ಹುಡುಗ ತನ್ನ ಬಿಲ್ಲಿನ ಆ ಉದ್ದನೆಯ ಲಿಂಕ್ ಕಳುಹಿಸಿದ. ನನ್ನ ಲಾಗಿನ್‌ನಲ್ಲಿ ಸಲೀಸಾಗಿ ತೆರೆಯಿತು. ಬೀಗ ಹಾಕಿರಲೇ ಇಲ್ಲ, ಬಾಗಿಲ ಸಂಖ್ಯೆಯನ್ನಷ್ಟೇ ಮರೆಮಾಡಿದ್ದರು.

ದುಡ್ಡು ಕಟ್ಟುವ ಮುಂಚೆ ಬೇರೆ ಬೇರೆ ಅಂಗಡಿಯ ಹೆಸರಿನಲ್ಲಿ ಎರಡು ಪ್ರಾಯೋಗಿಕ ಲಾಗಿನ್ ಕೇಳಿ. ಒಂದರಲ್ಲಿ ಬಿಲ್ ಮಾಡಿ, ಅದರ ಲಿಂಕನ್ನು ಇನ್ನೊಂದರಲ್ಲಿ ಅಂಟಿಸಿ. ತೆರೆದರೆ ಎದ್ದು ಬನ್ನಿ. ವರ್ಷದ ಚಂದಾವನ್ನಂತೂ ಒಟ್ಟಿಗೆ ಕಟ್ಟಲೇಬೇಡಿ; ಉಳಿದ ಹತ್ತು ತಿಂಗಳ ಹಣ ಕೇಳಿದ್ದಕ್ಕೆ ನನಗೆ ಕರಾರಿನ ಪುಟ ತೋರಿಸಿದ್ದಾರೆ.

ಹಾವೇರಿಯ ಗಿರಾಕಿಗೂ ಸುದ್ದಿ ಮುಟ್ಟಿದೆ. ನಿನ್ನೆ ಫೋನ್ ಮಾಡಿ, ಇನ್ನು ಮೇಲೆ ತಮಗೂ 612 ಎಂದರು.