ಅತ್ತರೂ ಬೈಯದ ಜಾಗ: ನಮ್ಮ ಬೀದಿಯ ಅಂಗನವಾಡಿ

ನನ್ನ ಮಗ ಹತ್ತು ತಿಂಗಳಿಂದ ತಿ. ನರಸೀಪುರದಲ್ಲಿ ನಮ್ಮ ಬೀದಿಯ ಅಂಗನವಾಡಿಗೆ ಹೋಗುತ್ತಿದ್ದಾನೆ. ಅಂಗನವಾಡಿ ಅಂದರೆ ಎಲ್ಲರೂ ಮೊಟ್ಟೆ ಕೊಡ್ತಾರಾ, ಹಾಲು ಕೊಡ್ತಾರಾ ಅಂತಲೇ ಕೇಳುತ್ತಾರೆ. ಕೊಡುತ್ತಾರೆ, ಊಟವೂ ಚೆನ್ನಾಗಿದೆ. ಆದರೆ ನಾನು ಬರೆಯಲು ಕೂತಿದ್ದು, ಮಗು ಅತ್ತಾಗ ಅಲ್ಲಿ ಏನು ಮಾಡುತ್ತಾರೆ ಅನ್ನುವುದರ ಬಗ್ಗೆ.

ಮೊದಲು ಅವನನ್ನು ಒಂದು ಪ್ಲೇ ಸ್ಕೂಲಿಗೆ ಹಾಕಿದ್ದೆವು. ಗೋಡೆ ತುಂಬ ಚಿತ್ರ, ಜಾರುಬಂಡೆ, ಯೂನಿಫಾರ್ಮ್ ಎಲ್ಲ ಇತ್ತು. 'ಅವನು ಆಟದಲ್ಲಿ ಇರುವಾಗ ಸುಮ್ನೆ ಹೊರಟುಬಿಡಿ, ಸ್ವಲ್ಪ ಅತ್ತು ಸರಿ ಹೋಗ್ತಾನೆ' ಅಂದರು, ನಾನೂ ಹಾಗೇ ಮಾಡಿದೆ. ಆ ತಪ್ಪು ನನ್ನನ್ನು ಇನ್ನೂ ಕಾಡುತ್ತದೆ. ಮೂರು ವಾರ ಆಗುವಷ್ಟರಲ್ಲಿ ನಾನು ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತಿದ್ದ, ರಾತ್ರಿ ನನ್ನ ಬಟ್ಟೆಯ ತುದಿ ಹಿಡಿದುಕೊಂಡೇ ಮಲಗುತ್ತಿದ್ದ, ನಡುರಾತ್ರಿ ಎದ್ದು ನಾನು ಇದ್ದೀನಾ ಅಂತ ಮುಟ್ಟಿ ನೋಡುತ್ತಿದ್ದ. ಒಂದು ಸಂಜೆ ಅವನೇ ಹೇಳಿದ, 'ಅತ್ರೆ ಆ ರೂಮಲ್ಲಿ ಕೂರಿಸ್ತಾರೆ, ಗುಮ್ಮ ಬರ್ತಾನೆ.' ಮಾರನೇ ದಿನದಿಂದ ಕಳಿಸಲಿಲ್ಲ. ಕಟ್ಟಿದ ಫೀಸು ವಾಪಸ್ ಬರಲಿಲ್ಲ.

ಅಂಗನವಾಡಿಗೆ ಕಳಿಸಿ ಅಂದಿದ್ದು ನನ್ನ ಅತ್ತೆ. 'ನಿನ್ನ ಗಂಡ ಬೆಳೆದಿದ್ದೂ ಅಲ್ಲೇ ಕಣಮ್ಮ' ಅಂದರು. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ತಾಲ್ಲೂಕಿನಲ್ಲಿ, ಹಾಗಾಗಿ ಇಲ್ಲಿ ಅಪ್ಪ-ಮಕ್ಕಳಿಬ್ಬರೂ ಅಂಗನವಾಡಿಗೆ ಹೋದ ಮನೆಗಳು ಬೇಕಾದಷ್ಟಿವೆ.

ಟೀಚರ್ ಮೊದಲ ದಿನವೇ ನನಗೆ ಹೇಳಿದ್ದು ಒಂದೇ ಮಾತು. 'ಹೇಳದೆ ಮಾತ್ರ ಹೋಗಬೇಡಿ ಅಮ್ಮ. ಅಳಲಿ, ಪರವಾಗಿಲ್ಲ. ಯಾವಾಗ ಬರ್ತೀರಿ ಅಂತ ಹೇಳಿ, ಅದೇ ಹೊತ್ತಿಗೆ ಬನ್ನಿ.' ಮೂರು ವರ್ಷದ ಮಗುವಿಗೆ ಗಡಿಯಾರ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ 'ನೀನು ಊಟ ಮಾಡಿ ಕೈ ತೊಳೆದ ಮೇಲೆ ಬರ್ತೀನಿ' ಅಂತ ಹೇಳಿಸಿದರು. ಮೊದಲ ವಾರ ನಾನು ಒಳಗೇ ಕೂತಿದ್ದೆ, ಎರಡನೇ ವಾರ ಜಗಲಿ ಮೇಲೆ, ಆಮೇಲೆ ಬಾಗಿಲಿನಿಂದಲೇ ಟಾಟಾ. ಅವನು ಅಳುತ್ತಿದ್ದ ದಿನಗಳಲ್ಲಿ ಟೀಚರ್ ಪಕ್ಕದಲ್ಲಿ ಕೂತು 'ಅಮ್ಮ ಹೋದ್ರು ಅಂತ ಬೇಜಾರಾಯ್ತಾ ಕಂದ' ಅಂತ ಕೇಳುತ್ತಿದ್ದರೇ ಹೊರತು ಒಂದು ದಿನವೂ 'ಸಾಕು, ಬಾಯಿ ಮುಚ್ಚು' ಅನ್ನಲಿಲ್ಲ.

ನನ್ನ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ಆಟದ ಬಸ್ಸಿಗಾಗಿ ನನ್ನ ಮಗ ಒಬ್ಬ ಹುಡುಗಿಯ ಕೈ ಕಚ್ಚಿಬಿಟ್ಟ. ನಾನು ಓಡಿಹೋಗಿ ಅವನಿಗೆ ಒಂದು ಕೊಡುವವಳೇ. ಟೀಚರ್ ತಡೆದು, ಮೊದಲು ಅವಳನ್ನು ತೊಡೆ ಮೇಲೆ ಕೂರಿಸಿಕೊಂಡರು, ಆಮೇಲೆ ಅವನ ಕಡೆ ತಿರುಗಿದರು. 'ಬಸ್ಸು ಬೇಕಿತ್ತು, ಅವಳು ಕೊಡಲಿಲ್ಲ, ಕೋಪ ಬಂತು, ಅಲ್ವಾ? ಕೋಪ ಬಂದ್ರೆ ನನ್ನ ಹತ್ರ ಬಂದು ಹೇಳು. ಕಚ್ಚಬಾರದು. ನೋಡು, ಅವಳಿಗೆ ಎಷ್ಟು ನೋವಾಗಿದೆ.' ಬಲವಂತವಾಗಿ ಸಾರಿ ಹೇಳಿಸಲಿಲ್ಲ. ಒದ್ದೆ ಬಟ್ಟೆ ತರಲು ಅವನನ್ನೇ ಕಳಿಸಿದರು, ಅವನೇ ತಂದು ಅವಳ ಕೈ ಮೇಲೆ ಇಟ್ಟ. ಈ ವಯಸ್ಸಿನಲ್ಲಿ ಕೋಪ ದೊಡ್ಡದು, ಮಾತು ಚಿಕ್ಕದು. ಹೇಳಲು ಮಾತು ಸಿಗದಿದ್ದಾಗ ಕೈಯೋ ಹಲ್ಲೋ ಮುಂದೆ ಬರುತ್ತದೆ. ಈಗ ಮನೆಯಲ್ಲಿ ಕಾಲು ನೆಲಕ್ಕೆ ಬಡಿದು 'ನಂಗೆ ಕೋಪ ಬಂದಿದೆ' ಅಂತ ಕೂಗುತ್ತಾನೆ. ಕಚ್ಚುವುದು ನಿಂತಿದೆ.

ಕೊರತೆಗಳೂ ಇವೆ. ಒಬ್ಬರೇ ಟೀಚರ್, ಒಬ್ಬರೇ ಸಹಾಯಕಿ, ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳು. ಸರ್ವೆ, ಮೀಟಿಂಗ್, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್‌ಗೆ ಮಾಹಿತಿ ತುಂಬುವುದು ಎಲ್ಲವೂ ಟೀಚರ್ ತಲೆ ಮೇಲೆ. ಅವರು ಹೊರಗೆ ಹೋದ ದಿನ ಅಡುಗೆ ಮಾಡುತ್ತಾ ಮಕ್ಕಳನ್ನೂ ನೋಡಿಕೊಳ್ಳುವುದು ಸಹಾಯಕಿ ಒಬ್ಬರೇ. ಅವರಿಗೂ ಮಕ್ಕಳ ಮೇಲೆ ತುಂಬಾ ಪ್ರೀತಿ, ಆದರೆ 'ಗಂಡು ಮಗು ಅಳ್ತಾರಾ?' ಅಂದುಬಿಡುತ್ತಾರೆ. ನಾನು ಟೀಚರ್‌ಗೆ ಹೇಳಿದೆ, ಅವರು ಮಾತಾಡಿದ್ದಾರೆ, ಈಗ ಕಡಿಮೆಯಾಗಿದೆ. ಇರುವುದೇ ಒಂದು ಕೋಣೆ. ಗಲಾಟೆಯಿಂದ ಸುಸ್ತಾದ ಮಗು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಕೂರೋಣ ಅಂದರೆ ಒಂದು ಮೂಲೆಯೂ ಇಲ್ಲ. ಇಷ್ಟು ಮುಖ್ಯವಾದ ಕೆಲಸ ಮಾಡುವವರಿಗೆ ಇನ್ನೊಬ್ಬರ ಕೈ ಜೊತೆ ಕೊಡಲೇಬೇಕು.

ಎಬಿಸಿಡಿ ಬರೆಸುವುದಿಲ್ಲ ಅಂತ ನನ್ನ ಗಂಡನಿಗೆ ಮೊದಲು ಚಿಂತೆ ಇತ್ತು. ಹಾಡು, ಕಥೆ, ಮಣ್ಣು, ಮಣಿ ಪೋಣಿಸುವುದು, ಇಷ್ಟೇ. ನನಗೆ ಇಷ್ಟು ಸಾಕು.

ಸೇರಿಸುವ ಯೋಚನೆ ಇದ್ದವರು ಬೆಳಗ್ಗೆ ಮಕ್ಕಳನ್ನು ಬಿಡುವ ಹೊತ್ತಿಗೇ ಹೋಗಿ, ಅರ್ಧ ಗಂಟೆ ಬಾಗಿಲ ಹತ್ತಿರ ನಿಂತು, ಅಳುವ ಮಗುವಿನ ಹತ್ತಿರ ಯಾರು ಹೋಗುತ್ತಾರೆ, ಏನು ಹೇಳುತ್ತಾರೆ ಅಂತ ನೋಡಿ. ಬ್ಯಾಗಿನಲ್ಲಿ ನಿಮ್ಮ ಹಳೇ ಸೀರೆಯ ತುಂಡೊಂದು ಇಡಿ, ನಮ್ಮ ಟೀಚರ್ ಬೇಡ ಅನ್ನುವುದಿಲ್ಲ. ಮಗಳಿಗೆ ಮುಂದಿನ ವರ್ಷ ಮೂರು ತುಂಬುತ್ತದೆ, ಅವಳನ್ನೂ ಇಲ್ಲಿಗೇ ಕಳಿಸುತ್ತೇವೆ.